ಒಗೆದವಳ ಲೆಕ್ಕ

ಆಟ ನೋಡಿದವಳಲ್ಲ ನಾನು, ಒಗೆದವಳು.
ಕಾಲೇಜಿನ ಜಿಮ್ಮಿನ ಕೆಳಗೆ, ಬಾಯ್ಲರಿನ ಪಕ್ಕ
ಮೂರು ಮಶೀನು, ಒಂದು ಸಿಮೆಂಟು ತೊಟ್ಟಿ, ಹದಿನೆಂಟು ವರ್ಷ.
ಮೇಲೆ ಚೆಂಡು ಪುಟಿದರೆ ಇಲ್ಲಿ ಟ್ಯೂಬ್‌ಲೈಟು ನಡುಗುತ್ತದೆ.
ನನಗೆ ಗೊತ್ತಿರುವ ಬಾಸ್ಕೆಟ್‌ಬಾಲು ಅಷ್ಟೇ.

ಆದರೂ ಈ ವರ್ಷದ ಕತೆ ಬೇಕೆಂದರೆ
ಪತ್ರಿಕೆಯವರನ್ನು ಬಿಡಿ, ನನ್ನನ್ನು ಕೇಳಿ.

ನವೆಂಬರಿನಲ್ಲಿ ಸಾಲಾಗಿ ನಾಲ್ಕು ಸೋಲು.
ಸೋತ ಜೆರ್ಸಿಗೆ ಬೇರೆಯದೇ ವಾಸನೆ, ನಂಬಿ.
ಬೆವರು ಅದೇ, ಉಪ್ಪು ಅದೇ,
ಆದರೆ ಮುದ್ದೆ ಮಾಡಿ ಎಸೆದಿರುತ್ತಾರೆ, ಒಳಗು ಹೊರಗಾಗಿ.
ಮುನಿಸಿಕೊಂಡ ಮಕ್ಕಳನ್ನು ರಮಿಸಿದ ಹಾಗೆ
ಹನ್ನೆರಡನ್ನೂ ಒಂದೊಂದಾಗಿ ಬಿಡಿಸಬೇಕು.
ಹೊರಗೆ ರೆಡ್ ರಿವರ್ ಕಣಿವೆಯಿಡೀ
ಸಕ್ಕರೆ ಕಾರ್ಖಾನೆಯ ಬೀಟ್‌ಗೆಡ್ಡೆಯ ಕೊಳೆತ ನಾತ.
ನನ್ನ ಗಂಡ ಆರ್ವಿಡ್ ಇಪ್ಪತ್ತೇಳು ಚಳಿಗಾಲ
ಅದನ್ನು ಮೈಮೇಲೆ ಹೊತ್ತು ಮನೆಗೆ ತಂದವನು.
ವಾಸನೆಯ ವಿಷಯದಲ್ಲಿ ನನ್ನ ಮಾತು ತೆಗೆದುಹಾಕಬೇಡಿ.

ಐದನೆಯ ಆಟ ಗೆದ್ದರು, ಒಂದೇ ಪಾಯಿಂಟಿನಿಂದ.
ಕೋಚ್ ಲುಂಡ್‌ಕ್ವಿಸ್ಟ್ ಮೆಟ್ಟಿಲಿಳಿದು ಬಂದರು, ಮೊದಲ ಸಲ,
ಬಾಗಿಲಲ್ಲೇ ನಿಂತರು, ಟೋಪಿ ಕೈಯಲ್ಲಿ.
"ವರ್ಲಾ, ಕಾಲುಚೀಲ ಮಾತ್ರ ಒಗೆಯಬೇಡ.
ಗೆಲುವು ಅದರಲ್ಲಿದೆ. ಸೋಲುವವರೆಗೂ ಹಾಗೇ ಇರಲಿ."
ಹಗಲು ಹೊತ್ತು ಇವರು ಗಣಿತದ ಮೇಷ್ಟ್ರು.
ಆಗಲಿ ಎಂದೆ.
ಅವರ ಹೆಜ್ಜೆ ಮೇಲೇರಿ ಮರೆಯಾದ ಮೇಲೆ
ಇಪ್ಪತ್ತನಾಲ್ಕನ್ನೂ ಎರಡೆರಡು ಸಲ ಒಗೆದೆ,
ಒಣಗಿಸಿ, ಮತ್ತೆ ಮುದುರಿ,
ಅಂಗಾಲಿನ ಕಡೆ ಒಂದಿಷ್ಟು ನೆಲಕ್ಕುಜ್ಜಿ
ಚೀಲಕ್ಕೆ ತುಂಬಿದೆ.
ಹೀಗೆ ಇನ್ನೂ ಇಪ್ಪತ್ತೈದು ಆಟ. ಇಪ್ಪತ್ತೈದೂ ಗೆದ್ದರು.
ಯಾವ ದೇವರ ಕೃಪೆಯೋ, ನಾನಂತೂ ಬಾಯಿ ಬಿಟ್ಟಿಲ್ಲ.

ಹೋದಾನಳ ಕಪ್ಪು ತಲೆವಸ್ತ್ರ ಮಶೀನಿಗೆ ಹಾಕುವುದಿಲ್ಲ,
ಕೈಯಲ್ಲೇ, ಉಗುರುಬೆಚ್ಚಗಿನ ನೀರಲ್ಲಿ.
"ಎಲ್ಲರದರ ಜೊತೆಗೇ ಹಾಕಿ" ಎಂದಿದ್ದಳು, ಸಂಕೋಚಪಟ್ಟು.
"ಎಲಾಸ್ಟಿಕ್ ಸಡಿಲವಾಗತ್ತೆ ಕಣೆ, ಬೇರೇನಿಲ್ಲ" ಎಂದೆ.
ಆಮೇಲಿಂದ ವಾರಕ್ಕೊಮ್ಮೆ ಸೋಪಿನ ಡಬ್ಬದ ಪಕ್ಕ
ಅವಳಮ್ಮ ಕರಿದ ಸಂಬೂಸ, ಕಾಗದದಲ್ಲಿ ಸುತ್ತಿ, ಇನ್ನೂ ಬಿಸಿ.

ಜನವರಿಯಲ್ಲಿ ಬಸ್ಸು ಹಿಮದಲ್ಲಿ ಹೂತುಹೋಗಿ
ಯಾವುದೋ ಚರ್ಚಿನ ನೆಲಮಾಳಿಗೆಯಲ್ಲಿ ರಾತ್ರಿ ಕಳೆದರಂತೆ.
ಜೆರ್ಸಿಯನ್ನೇ ದಿಂಬು ಮಾಡಿದ್ದರೆಂದು ಯಾರೂ ಹೇಳಬೇಕಿಲ್ಲ:
ಏಳರ ಮೇಲೆ ಜೊಲ್ಲು, ಹನ್ನೊಂದರ ಮೇಲೆ ಬಟಾಣಿ ಸೂಪು.
ಫೆಬ್ರವರಿಯಲ್ಲಿ ಇಪ್ಪತ್ತೆರಡರ ಎದೆಗೆ ರಕ್ತ,
ಅವಳದಲ್ಲವಂತೆ.
ತಣ್ಣೀರು, ಉಪ್ಪು, ತಾಳ್ಮೆ.

ಮೂವತ್ತೊಂದು ಮಾತ್ರ ಹೋದ ಹಾಗೇ ಬರುತ್ತಿತ್ತು.
ಟೋರಾ ಬ್ರೆಕ್ಕೆ. ಬೆಂಚಿನ ಕೊನೆಯ ಜಾಗ.
ನಾನು ಹಾಕಿದ ಮಡಿಕೆಯ ಗೀಟು ಕೂಡ ಹಾಗೇ.
ಒಗೆಯದಿದ್ದರೂ ನಡೆಯುತ್ತಿತ್ತು.
ಒಗೆದೆ, ಪ್ರತಿ ಸಲ.
ಬಿಟ್ಟಿದ್ದರೆ ಅವಳಿಗೊಂದು ಮಾತು ಅಂದ ಹಾಗಾಗುತ್ತಿತ್ತು.

ಮಾರ್ಚಿಯಲ್ಲಿ ಫೈನಲ್ಲು, ಮುನ್ನೂರು ಮೈಲಿ ದೂರ.
ನಾನು ರೇಡಿಯೊ ಹಾಕಲಿಲ್ಲ. ಊರಿನ ಹಾರ್ನು ಕೇಳಿ ತಿಳಿಯಿತು.
ಮರುದಿನ ಚೀಲ ಬಿಚ್ಚಿದರೆ
ಕಿತ್ತಳೆ ಸೋಡ, ಬಣ್ಣದ ಕಾಗದದ ಚೂರು,
ಕತ್ತರಿಸಿದ ಬಲೆಯ ಒಂದು ಎಳೆ.
ಮೂವತ್ತೊಂದನ್ನು ಎತ್ತಿಕೊಂಡೆ:
ತೊಯ್ದು ತೊಪ್ಪೆ. ಹಿಂಡಿದರೆ ತೊಟ್ಟಿಕ್ಕುವಷ್ಟು.

ಮರೆತ ಬೀಗದ ಕೈ ಹುಡುಕುತ್ತ ಟೋರಾ ಕೆಳಗೆ ಬಂದಳು.
"ಎಷ್ಟು ನಿಮಿಷ ಆಡಿದೆ ಮಗಳೇ?"
"ಒಂದೂ ಇಲ್ಲ.
ಮುಗಿದ ತಕ್ಷಣ ಅಷ್ಟೂ ಜನ ಓಡಿ ಬಂದು
ನನ್ನ ಮೇಲೇ ಬಿದ್ದರು."
ಹೇಳಿ, ನಕ್ಕು, ಕೈ ಸಿಕ್ಕಿತೆಂದು ಹೊರಟೇಹೋದಳು.

ಮಶೀನಿನ ಬಾಯಿ ತೆರೆದೇ ಇತ್ತು.
ಹನ್ನೊಂದನ್ನು ಹಾಕಿ ಗುಂಡಿ ಒತ್ತಿದೆ.
ಅದೊಂದನ್ನು ಬಾಯ್ಲರಿನ ಪಕ್ಕದ ತಂತಿಗೆ ಹರವಿದೆ.
ಸಂಜೆಗೆ ಒಣಗಿತು,
ಉಪ್ಪು ಬೆಳ್ಳಗೆ ಎದ್ದು ನಿಂತಿತು.
ಮಡಿಸಿ, ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೇನೆ.

ಕೋಚ್ ಕೇಳಿದರೆ
ಒಗೆದೆ ಎನ್ನುತ್ತೇನೆ.